ಕಾಳೆಷ್ಟು, ಜೊಳ್ಳೆಷ್ಟು? — ಜಪಾನಿನ ಕಿರುಪ್ರಣಯ ಚಿತ್ರಕಥಾ ಸಂಕಲನಗಳು

ಜಪಾನಿನಲ್ಲಿ 'ಬಾಯ್ಸ್ ಲವ್' ಎಂಬ ಹೆಸರಿನಿಂದ ಪ್ರಚಾರದಲ್ಲಿರುವ ಚಿತ್ರಕಥೆಗಳನ್ನು ಕುರಿತು ಎರಡು ಪಕ್ಷಗಳುಂಟು. ಪುರುಷರಿಬ್ಬರ ಪ್ರಣಯವನ್ನು ವಸ್ತುವಾಗಿ ಉಳ್ಳ, ಬಹುಮಟ್ಟಿಗೆ ಸ್ತ್ರೀಯರೇ ರಚಿಸಿ ಸ್ತ್ರೀಯರೇ ಓದುವ ಈ 'ಮಾಂಗಾ'ಗಳನ್ನು, ಪುಸ್ತಕವನ್ನು ತೆರೆಯುವ ಮೊದಲೇ ಕಸವೆಂದು ಎಸೆದುಬಿಡುವವರದು ಒಂದು ಪಕ್ಷ. ಇವರೊಡನೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಓದದವನ ತೀರ್ಪಿನ ಮೇಲೆ ಮನವಿ ಸಲ್ಲಿಸಲು ಯಾವ ನ್ಯಾಯಸ್ಥಾನವೂ ಇರುವುದಿಲ್ಲ. ಎರಡನೆಯದು ಅಭಿಮಾನಿಗಳ ಪಕ್ಷ. ಈ ಸಾಹಿತ್ಯಕ್ಕೆ ಹೆಚ್ಚಿನ ಕೇಡನ್ನು ಮಾಡುತ್ತಿರುವವರು, ವಿಚಿತ್ರವೆಂದು ತೋರಿದರೂ, ಇವರೇ.

ಇವರ ವಾದದ ಸಾರವಿಷ್ಟು: ಐದಾರು ಕಿರುಗಥೆಗಳ ಸಂಕಲನದಲ್ಲಿ ಒಂದು ಚೆನ್ನಾಗಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಮೂವತ್ತು ಪುಟಗಳಲ್ಲಿ ಇಬ್ಬರು ಕಂಡು, ಮುನಿದು, ಕೂಡಬೇಕೆಂದರೆ ಅವಸರವಾಗದೆ ಇರದು, ಮನರಂಜನೆಗಾಗಿ ಬರೆದುದನ್ನು ಕಾವ್ಯದ ತಕ್ಕಡಿಯಲ್ಲಿ ತೂಗತಕ್ಕದ್ದಲ್ಲ. ಕೇಳುವುದಕ್ಕೆ ಉದಾರವಾಗಿ ತೋರುವ ಈ ಮಾತು ಒಳಗೆ ತಿರಸ್ಕಾರವನ್ನೇ ಅಡಗಿಸಿಕೊಂಡಿದೆ. ಕೂಸು ಗೀಚಿದ ಗೆರೆಯನ್ನು ಹೊಗಳುವವನು ಕೂಸನ್ನು ಚಿತ್ರಕಾರನೆಂದು ಎಣಿಸಿರುವುದಿಲ್ಲ.

ಸಂಕಲನಗಳು ಏರುಪೇರಾಗುವುದಕ್ಕೆ ಕಾರಣವನ್ನು ಕಥೆಯ ಗಾತ್ರದಲ್ಲಿ ಹುಡುಕುವುದಕ್ಕಿಂತ ಪುಸ್ತಕವು ಸಿದ್ಧವಾಗುವ ಬಗೆಯಲ್ಲಿ ಹುಡುಕುವುದು ಲೇಸು. ಜಪಾನಿನಲ್ಲಿ ಚಿತ್ರಕಥೆಗಾರ್ತಿಗೆ ಪತ್ರಿಕೆಯಲ್ಲಿ ಅಚ್ಚಾದ ಪುಟಕ್ಕೆ ಇಷ್ಟೆಂದು ಸಂಭಾವನೆ ದೊರೆಯುತ್ತದೆ. ಅನಂತರ ಅವೇ ಪುಟಗಳು 'ತಾಂಕೊಬೋನ್' ಎಂಬ ಬಿಡಿ ಸಂಪುಟವಾಗಿ ಹೊರಬಂದಾಗ ಗೌರವಧನ ಬರುತ್ತದೆ. ಆದುದರಿಂದ ಸಂಪುಟವಾಗದಿದ್ದರೆ ಆಕೆಗೆ ಜೀವನವಿಲ್ಲ. ಸಂಪುಟವೆಂದರೆ ಇನ್ನೂರರ ಆಸುಪಾಸಿನ ಪುಟಗಳು. ಹೊಸಬಳ ಕೈಯಲ್ಲಿ ಇರುವುದೋ, ಒಂದೊಂದು ಸಂಚಿಕೆಯಲ್ಲಿಯೇ ಮುಗಿದ 'ಯೊಮಿಕಿರಿ'ಗಳು, ಅವೂ ಬೇರೆ ಬೇರೆ ವರ್ಷಗಳಲ್ಲಿ ಬರೆದವು. ಎರಡು ಮೂರು ಕಂತುಗಳಲ್ಲಿ ಬಂದ ಒಂದು ಒಳ್ಳೆಯ ಕಥೆಯನ್ನು ಮುಂದಿಟ್ಟು, ಅದರ ಹೆಸರನ್ನೇ ಸಂಪುಟಕ್ಕೆ ಕೊಟ್ಟು, ಅದರ ನಾಯಕರನ್ನೇ ಹೊದಿಕೆಯ ಮೇಲೆ ಬರೆಯಿಸಿ, ಉಳಿದ ಪುಟಗಳಿಗೆ ಪೆಟ್ಟಿಗೆಯ ತಳದಲ್ಲಿದ್ದುದನ್ನೆಲ್ಲ ತುಂಬುವುದು ರೂಢಿಯಾಗಿದೆ. ಕೈಪಳಗದ ಕಾಲದ ಮೊದಲ ಕಥೆಯೂ ಅಲ್ಲಿ ಸೇರುತ್ತದೆ. ಕೊನೆಯ 'ಅತೊಗಾಕಿ' ಎಂಬ ಹಿನ್ನುಡಿಯಲ್ಲಿ ಲೇಖಕಿಯು, ಹಳೆಯ ಚಿತ್ರಗಳನ್ನು ನೋಡಿ ನಾಚಿಕೆಯಾಗುತ್ತದೆ, ಮನ್ನಿಸಬೇಕು ಎಂದು ಬೇಡಿಕೊಳ್ಳುವುದನ್ನೂ ಎಷ್ಟೋ ಪುಸ್ತಕಗಳಲ್ಲಿ ಕಾಣಬಹುದು. ಆಕೆಯ ವಿನಯ ಮೆಚ್ಚತಕ್ಕದ್ದು. ಆದರೆ ಬರೆದವಳೇ ನಾಚುವ ಕಥೆಗೆ ಓದುವವಳೇಕೆ ಬೆಲೆ ತೆರಬೇಕು? ಕನ್ನಡದ ಮಾಸಪತ್ರಿಕೆಗಳ ಕಥೆಗಳನ್ನು ಆಯ್ದು ಕಟ್ಟಿದ ಸಂಕಲನಗಳನ್ನು ಕಂಡ ವಾಚಕರಿಗೆ ಈ ಬಗೆಯ ಭರ್ತಿಯು ಅಪರಿಚಿತವೇನೂ ಅಲ್ಲ.

ಇನ್ನು ಕಿರಿದಾದುದರಿಂದ ಕೆಟ್ಟಿತೆಂಬ ವಾದ. ಈ ಪ್ರಕಾರವು ಹುಟ್ಟಿದುದೇ ಕಿರುಗಥೆಯಲ್ಲಿ ಎಂಬುದನ್ನು ಈ ವಾದಿಗಳು ಮರೆಯುತ್ತಾರೆ. ತಾಕೆಮಿಯಾ ಕೆಯ್ಕೊ 1970ರ ಡಿಸೆಂಬರಿನಲ್ಲಿ ಪ್ರಕಟಿಸಿದ, ಮುಂದೆ 'ಸನ್‌ರೂಮಿನಲ್ಲಿ' ಎಂದು ಹೆಸರಾದ ಕಥೆಯೂ, ಹಾಗಿಯೊ ಮೋತೊ 1971ರಲ್ಲಿ ಬರೆದ 'ನವೆಂಬರಿನ ವಿದ್ಯಾಲಯ'ವೂ ಒಂದೊಂದೇ ಸಂಚಿಕೆಯಲ್ಲಿ ಮುಗಿದವು. ಎರಡೂ ಬಾಲಿಕೆಯರ ಒಂದೇ ಪತ್ರಿಕೆಯಲ್ಲಿ ಬಂದವು. ಹಾಗಿಯೊ ಅವರ ಕಥೆಯಲ್ಲಿ, ಜರ್ಮನಿಯ ವಸತಿಶಾಲೆಗೆ ಹೊಸದಾಗಿ ಬಂದ ಹುಡುಗನು ತನ್ನದೇ ಮುಖವನ್ನು ಹೊತ್ತ ಇನ್ನೊಬ್ಬ ಹುಡುಗನನ್ನು ಎದುರಿನಲ್ಲಿ ಕಾಣುತ್ತಾನೆ. ಆ ಒಂದು ಸಾದೃಶ್ಯದಿಂದಲೇ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಅಲ್ಲಿ ತುಂಬುವುದಕ್ಕಾಗಿ ತುಂಬಿದ ಪುಟವಿಲ್ಲ. ಅದೇ ಲೋಕವನ್ನು ಆಕೆ 1974ರಲ್ಲಿ 'ಥಾಮಸನ ಹೃದಯ'ವೆಂಬ ದೀರ್ಘಕಥೆಯಾಗಿ ವಿಸ್ತರಿಸಿದುದು ನಿಜ. ಆದರೆ ಕಿರಿದು ಹಿರಿದಕ್ಕೆ ಬೀಜವಾಯಿತೆಂದ ಮಾತ್ರಕ್ಕೆ ಕಿರಿದನ್ನು ಅರೆಬೆಂದುದೆನ್ನಲಾಗದು. ತಾಕೆಮಿಯಾ ಅವರು 'ಗಾಳಿ ಮತ್ತು ಮರಗಳ ಹಾಡ'ನ್ನು 1976ರಲ್ಲಿ ಅಚ್ಚಿಗೆ ತರುವುದಕ್ಕೆ ಸಂಪಾದಕರ ನಿರಾಕರಣೆಯನ್ನು ವರ್ಷಗಟ್ಟಲೆ ಎದುರಿಸಬೇಕಾಯಿತು. ಈ ಹೆಂಗಸರು ಬರೆಯುವ ಹಕ್ಕನ್ನು ಹೋರಾಡಿ ಪಡೆದರು, ಪುಕ್ಕಟೆಯಾಗಿ ಬಂದುದಲ್ಲ.

'ಯಾಓಯಿ' ಎಂಬ ಶಬ್ದದ ಚರಿತ್ರೆಯೂ ಇಲ್ಲಿ ವಿಚಾರಯೋಗ್ಯ. ಎಪ್ಪತ್ತರ ದಶಕದ ಕೊನೆಯಲ್ಲಿ, ಸ್ವಂತ ಖರ್ಚಿನಿಂದ 'ದೋಜಿನ್‌ಶಿ' ಎಂಬ ಪುಸ್ತಿಕೆಗಳನ್ನು ಅಚ್ಚು ಹಾಕಿಸುತ್ತಿದ್ದ ಲೇಖಕಿಯರ ಬಳಗವೊಂದು ತಮ್ಮ ಬರಹವನ್ನು ತಾವೇ ಹಾಸ್ಯಮಾಡಿಕೊಂಡು, 'ಯಾಮಾ ನಾಶಿ, ಓಚಿ ನಾಶಿ, ಇಮಿ ನಾಶಿ' ಎಂದಿತು. ಏರಿಲ್ಲ, ಇಳಿಯುವ ಮುಕ್ತಾಯವಿಲ್ಲ, ಅರ್ಥವಿಲ್ಲ ಎಂದು ತಾತ್ಪರ್ಯ. ಮೂರರ ಮೊದಲಕ್ಷರಗಳು ಸೇರಿ ಈ ಹೆಸರಾಯಿತು. ಗೆಳತಿಯರ ಕೂಟದಲ್ಲಿ ಇಂಥ ವಿನೋದ ಸೊಗಸು. ಮಾರುವವರ ಕೈಗೆ ಬಂದಾಗಲೋ, ವಿನೋದವೇ ವಿಧಿಯಾಯಿತು. ಏರು ಬೇಡ, ಮುಕ್ತಾಯ ಬೇಡ, ಅರ್ಥವಂತೂ ಬೇಡವೇ ಬೇಡ. ಸುಂದರರಿಬ್ಬರು ಇಪ್ಪತ್ತನೆಯ ಪುಟದೊಳಗೆ ಅಪ್ಪಿಕೊಂಡರಾಯಿತು!

ಹೀಗೆ ಆಗಲೇಬೇಕೆಂದೇನೂ ಇರಲಿಲ್ಲ. 1978ರಲ್ಲಿ ಆರಂಭವಾದ 'ಜೂನೆ' ಪತ್ರಿಕೆಯಲ್ಲಿ ಲೇಖಕಿ ನಾಕಾಜಿಮಾ ಆಜುಸಾ ಅವರು 1984ರಿಂದ 'ಕಾದಂಬರಿಯ ಗರಡಿ' ಎಂಬ ಅರ್ಥದ ಅಂಕಣವನ್ನು ನಡೆಸಿ, ಓದುಗರು ಕಳುಹಿಸಿದ ಬರಹಗಳನ್ನು ಎಲ್ಲರ ಮುಂದೆ ಒರೆಗೆ ಹಚ್ಚುತ್ತಿದ್ದರು. ಚಿತ್ರಗಳಿಗೆ ಅದೇ ಬಗೆಯ ಪಾಠವನ್ನು ತಾಕೆಮಿಯಾ ಅವರು ಹೇಳುತ್ತಿದ್ದರು. ಗರಡಿಯೆಂಬ ಹೆಸರೇ ಸೊಗಸಾಗಿದೆ. ಅಲ್ಲಿ ಬಿದ್ದವನಿಗೆ ಅವಮಾನವಿಲ್ಲ, ಮಣ್ಣು ಕೊಡವಿಕೊಂಡು ಏಳಬೇಕು, ಅಷ್ಟೆ. ತೊಂಬತ್ತರ ದಶಕದಲ್ಲಿ, 1993ರಲ್ಲಿ ಹುಟ್ಟಿದ 'ಬೀ ಬಾಯ್' ಮೊದಲಾಗಿ, ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ಪುಟಗಳ ಹಸಿವು ಹೆಚ್ಚಿತು. ಹಸಿದವನು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕುಳಿತಿರುವನೆ?

ಇಂಥ ಸಂಕಲನಗಳಲ್ಲಿ ಜೊಳ್ಳನ್ನು ಗುರುತಿಸುವುದು ಕಷ್ಟವಲ್ಲ. ಕಚೇರಿಯ ಹಿರಿಯನೊಬ್ಬ, ಕಿರಿಯನೊಬ್ಬ. ಒಬ್ಬನು 'ಸೆಮೆ', ಎಂದರೆ ಮುನ್ನುಗ್ಗುವವನು. ಇನ್ನೊಬ್ಬನು 'ಉಕೆ', ಎಂದರೆ ಒಳಗಾಗುವವನು. ಎತ್ತರ, ಗಲ್ಲ, ಕಣ್ಣಿನ ಅಳತೆಗಳಿಂದಲೇ ಯಾರು ಯಾವನೆಂದು ಮೊದಲ ಪುಟದಲ್ಲಿ ತಿಳಿದುಬಿಡುತ್ತದೆ. ಅನಂತರ ಮಳೆ ಬರುತ್ತದೆ. ಕೊಡೆ ಒಂದೇ ಇರುತ್ತದೆ. ಇವರಿಗೆ ತಾಯ್ತಂದೆಗಳಿಲ್ಲ, ಬಾಡಿಗೆ ಕೊಡುವ ಚಿಂತೆಯಿಲ್ಲ, ಕಚೇರಿಯಲ್ಲಿ ಮಾಡುವ ಕೆಲಸವೇನೆಂಬುದು ಇವರಿಗೂ ಗೊತ್ತಿಲ್ಲ. ಇದಾದರೂ ಸಹ್ಯ. ಬೇಡವೆಂದು ಕೈ ತಳ್ಳುವವನನ್ನು ಬಲಾತ್ಕರಿಸಿ, ಮರುಪುಟದಲ್ಲಿ ಅದಕ್ಕೆ ಪ್ರೇಮವೆಂಬ ಹೆಸರನ್ನು ಅಂಟಿಸುವುದಿದೆಯಷ್ಟೆ, ಅದು ಅಸಹ್ಯ. ಅನುರಾಗವು ಒಬ್ಬರಲ್ಲಿದ್ದು ಮತ್ತೊಬ್ಬರಲ್ಲಿ ಇಲ್ಲದಾಗ ಅದು ಶೃಂಗಾರವಲ್ಲ, ಶೃಂಗಾರಾಭಾಸವೆಂದು ಪ್ರಾಚೀನ ಆಲಂಕಾರಿಕರು ಎಣಿಸಿದ್ದರು. ಸ್ಥಳವಿಲ್ಲದುದರಿಂದ ಮನಸ್ಸು ಕರಗುವುದನ್ನು ತೋರಿಸಲಾಗಲಿಲ್ಲ ಎಂಬ ನೆವ ಇಲ್ಲಿ ನಡೆಯದು. ಸ್ಥಳವಿಲ್ಲದವನು ಕಡಿಮೆ ಹೇಳಬೇಕು, ಸುಳ್ಳು ಹೇಳಬೇಕಾದುದಿಲ್ಲ.

ಈ ಆಕ್ಷೇಪಣೆ ಹೊರಗಿನವರದೇ ಅಲ್ಲ. 1992ರಲ್ಲಿ ಸಾತೊ ಮಾಸಾಕಿ ಎಂಬ ಸಲಿಂಗಿ ಹೋರಾಟಗಾರನು 'ಶ್ವಾಜೀರ್' ಎಂಬ ಸ್ತ್ರೀವಾದಿ ಕಿರುಪತ್ರಿಕೆಯಲ್ಲಿ ಬಲು ಕಟುವಾಗಿ ಬರೆದು, ಈ ಕಥೆಗಳು ತನ್ನಂಥವರ ಬಾಳನ್ನು ಆಟದ ವಸ್ತುವಾಗಿ ಮಾಡಿಕೊಂಡಿವೆಯೆಂದು ದೂರಿದನು. 'ಯಾಓಯಿ ವಿವಾದ'ವೆಂದು ಹೆಸರಾದ ಚರ್ಚೆಯು ವರ್ಷಗಳ ಕಾಲ ನಡೆಯಿತು. ಇವು ಸ್ತ್ರೀಯರು ತಮಗಾಗಿ ಕಟ್ಟಿಕೊಂಡ ಕಲ್ಪನೆಗಳು, ನಿಜವಾದ ಪುರುಷರ ಚಿತ್ರಗಳಲ್ಲ ಎಂಬುದು ಲೇಖಕಿಯರ ಕಡೆಯ ಉತ್ತರಗಳಲ್ಲಿ ಮುಖ್ಯವಾದುದು. ಹೆಣ್ಣಿನ ಮೇಲೆ ಸಮಾಜವು ಹೊರಿಸಿದ ಭಾರಗಳನ್ನು ಇಳಿಸಿ ಪ್ರೇಮವನ್ನು ಕಲ್ಪಿಸುವ ಸ್ವಾತಂತ್ರ್ಯ ಆಕೆಗೆ ಬೇಕೆಂಬುದು ನ್ಯಾಯವಾದ ಮಾತೇ. ಆದರೆ ಕಲ್ಪನೆಯ ಹೆಸರಿನಲ್ಲಿ ಇನ್ನೊಬ್ಬನ ಮುಖವನ್ನು ಎರವಲು ತಂದವರಿಗೆ ಆ ಮುಖವನ್ನು ಮನುಷ್ಯನ ಮುಖವಾಗಿ ಬರೆಯುವ ಋಣವಾದರೂ ಇರಬೇಡವೆ?

ಕಾಳಿನ ಮಾತು. ಎಸ್ಟ್ ಎಮ್ ಎಂಬ ಕಾವ್ಯನಾಮದ ಲೇಖಕಿಯ 'ಆಟ ಮುಗಿದ ಬಳಿಕ ಕಾಣೋಣ' ಎಂಬ ಸಂಕಲನವು 2006ರಲ್ಲಿ ಬಂದಿತು. ಅದರಲ್ಲಿಯೂ ಎಲ್ಲ ಕಥೆಗಳು ಒಂದೇ ತೂಕದವಲ್ಲ. ಬರಿಯ ಭಂಗಿಯಲ್ಲಿ ನಿಂತುಹೋದವು ಕೆಲವುಂಟು. ಆದರೆ ಅಲ್ಲಿಯ ಜನರಿಗೆ ಒಂದು ಕಸುಬಿದೆ, ವಯಸ್ಸಿದೆ, ಹಿಂದೆ ಕಳೆದುಹೋದುದೇನೋ ಇದೆ. ಅನಂತರ ಬಂದ ಇನ್ನೊಂದು ಪುಸ್ತಕದಲ್ಲಿ ಆಕೆ ಗೂಳಿಯೊಡನೆ ಕಾದುವ ವೀರನನ್ನೂ, ಅವನು ಕೊಂದ ಗೂಳಿಗಳ ಮಾಂಸವನ್ನು ಕಡಿಯುವವನನ್ನೂ ಎದುರುಬದುರಾಗಿ ನಿಲ್ಲಿಸುತ್ತಾಳೆ. ಒಬ್ಬನ ಕೆಲಸಕ್ಕೆ ಚಪ್ಪಾಳೆ. ಇನ್ನೊಬ್ಬನ ಕೆಲಸವನ್ನು ಯಾರೂ ನೋಡುವುದಿಲ್ಲ. ಇಬ್ಬರ ಕೈಗೂ ರಕ್ತ ಅದೇ. ಇದಕ್ಕೆ ವಿವರಣೆ ಬೇಕಾಗುವುದಿಲ್ಲ, ಕಸುಬೇ ಮಾತನಾಡುತ್ತದೆ. ನಾಕಾಮುರಾ ಆಸುಮಿಕೊ ಅವರ 'ಸಹಪಾಠಿ' 2008ರಲ್ಲಿ ಸಂಪುಟವಾಯಿತು. ಅದು ಆರಂಭವಾಗುವುದು ಸಮೂಹಗಾನದ ಅಭ್ಯಾಸದಲ್ಲಿ. ಹಾಡುವಂತೆ ಬಾಯಾಡಿಸುತ್ತ ದನಿ ತೆಗೆಯದ ಒಬ್ಬ ಹುಡುಗನನ್ನು ಪಕ್ಕದವನು ಗಮನಿಸುತ್ತಾನೆ, ಅಹಂಕಾರವೆಂದುಕೊಳ್ಳುತ್ತಾನೆ. ಶಾಲೆ ಬಿಟ್ಟ ಮೇಲೆ ಅವನು ಒಬ್ಬನೇ ಕುಳಿತು ಹಾಡನ್ನು ಕಲಿಯುತ್ತಿರುವುದನ್ನು ಕಂಡು, ತಾನು ಕಲಿಸಿಕೊಡುವೆನೆನ್ನುತ್ತಾನೆ. ಕೆಲವೇ ಪುಟಗಳ ಈ ಸಂಗತಿಯಲ್ಲಿ ತಪ್ಪು ತಿಳಿವಳಿಕೆ, ನಾಚಿಕೆ, ಆದರ ಎಲ್ಲವೂ ಬಂದುಬಿಟ್ಟಿವೆ. ಕೊಡೆ ಬೇಕಾಗಲಿಲ್ಲ.

ಯೋಶಿನಾಗಾ ಫುಮಿ ಅವರ ಹೆಸರನ್ನು ಬಿಡುವಂತಿಲ್ಲ. ದೋಜಿನ್‌ಶಿಯಲ್ಲಿ ಪಳಗಿ ಬಂದ ಆಕೆ 2007ರಿಂದ 'ನಿನ್ನೆ ಏನು ಊಟ ಮಾಡಿದೆ?' ಎಂಬುದನ್ನು ಬರೆದರು. ವಕೀಲನೊಬ್ಬ, ಕೇಶಾಲಂಕಾರ ಮಾಡುವವನೊಬ್ಬ, ಒಟ್ಟಿಗೆ ಸಂಸಾರ. ಕಂತು ಕಂತಿಗೂ ಅಡುಗೆ. ಪ್ರಕಟವಾದುದು ಗಂಡಸರು ಓದುವ 'ಮಾರ್ನಿಂಗ್' ಪತ್ರಿಕೆಯಲ್ಲಿ. ಅದನ್ನು ಬಾಯ್ಸ್ ಲವ್ ಎನ್ನಬೇಕೋ ಬೇಡವೋ ಎಂದು ವಾದಿಸುವವರು ವಾದಿಸಲಿ. ಸ್ವಲ್ಪವೇ ಪುಟಗಳ ಕಂತಿನಲ್ಲಿ ತರಕಾರಿಯ ಬೆಲೆಯನ್ನು ಲೆಕ್ಕ ಹಾಕುತ್ತ, ಮಗನ ಬಾಳನ್ನು ಒಪ್ಪಿಯೂ ಒಪ್ಪಲಾರದ ತಾಯ್ತಂದೆಗಳನ್ನು ಕಾಣಿಸಿದವರ ಮುಂದೆ, ಸ್ಥಳ ಸಾಲದೆಂಬ ಗೊಣಗಾಟಕ್ಕೆ ಬಾಯಿಲ್ಲ.

ಪ್ರಕಾಶಕರು ಮಾಡಬಹುದಾದುದು ಬಹಳವೇನೂ ಇಲ್ಲ. ಇನ್ನೂರು ಪುಟ ತುಂಬುವವರೆಗೆ ಕಾಯದೆ, ನೂರಿಪ್ಪತ್ತು ಪುಟದ ಪುಸ್ತಕವನ್ನು ಅದಕ್ಕೆ ತಕ್ಕ ಬೆಲೆಗೆ ಕೊಡಲಿ. ಹಳೆಯ ಕಥೆಯನ್ನು ಸೇರಿಸುವುದಾದರೆ ಲೇಖಕಿಗೆ ಅದನ್ನು ತಿದ್ದಿ ಬರೆಯುವ ಅವಕಾಶವನ್ನೂ, ಅದಕ್ಕೆ ಸಂಭಾವನೆಯನ್ನೂ ಒದಗಿಸಲಿ. ಕಥೆ ಮೊದಲು ಅಚ್ಚಾದ ವರ್ಷವನ್ನು ಕೊನೆಯ ಪುಟದ ಸಣ್ಣಕ್ಷರಕ್ಕೆ ಬಿಡದೆ ಕಥೆಯ ತಲೆಯಲ್ಲಿಯೇ ಹಾಕಲಿ. ಇಷ್ಟಕ್ಕೆ ಮಾರುಕಟ್ಟೆ ಒಪ್ಪದೆಂದು ಅವರು ಹೇಳುವುದುಂಟು. ಆ ಮಾರುಕಟ್ಟೆಯೇನು ಅವರನ್ನು ಕಾಪಾಡಿತೆ? 'ಬೀ ಬಾಯ್' ಪತ್ರಿಕೆಯ ಪ್ರಕಾಶನವಾಗಿದ್ದ ಬಿಬ್ಲೋಸ್ 2006ರಲ್ಲಿ ದಿವಾಳಿಯಾಗಿ, ಪತ್ರಿಕೆಯು ಲಿಬ್ರೆ ಎಂಬ ಹೊಸ ಸಂಸ್ಥೆಗೆ ಸೇರಿತು. ಇಂಗ್ಲಿಷಿನಲ್ಲಿ ಈ ಸಂಕಲನಗಳನ್ನು ಹೊರತರುವುದಕ್ಕಾಗಿ ಅಮೆರಿಕದ ಟೋಕಿಯೋಪಾಪ್ ಸಂಸ್ಥೆ 2005ರಲ್ಲಿ ತೆರೆದ 'ಬ್ಲೂ' ಮಾಲೆಯು, 2011ರಲ್ಲಿ ಆ ಸಂಸ್ಥೆಯು ಅಲ್ಲಿಯ ಪ್ರಕಟಣೆಯನ್ನು ನಿಲ್ಲಿಸಿದಾಗ ಕೊನೆಗೊಂಡಿತು. ಮಾಲೆಯೊಡನೆ ಕಾಳೂ ಜೊಳ್ಳೂ ಒಂದೇ ಮೊರದಲ್ಲಿ ಹೊರಗೆ ಬಿದ್ದುವು.