ಪೋಷಣೆ ನಿಂತ ಕಂಪ್ಯೂಟರು

೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೧೦ ಎಂಬ ತನ್ನ ಆಪರೇಟಿಂಗ್ ಸಿಸ್ಟಮಿಗೆ ಎಲ್ಲರಿಗೂ ಕೊಡುತ್ತಿದ್ದ ಪೋಷಣೆಯನ್ನು ನಿಲ್ಲಿಸಿತು. ಮರುದಿನ ಬೆಳಗ್ಗೆ ಆ ಕಂಪ್ಯೂಟರುಗಳೆಲ್ಲ ಎಂದಿನಂತೆಯೇ ಕೆಲಸಮಾಡಿದುವು. 'ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಇನ್ನೇನು ಕೊರತೆ?' ಎಂದು ಬಹುಮಂದಿ ಕೇಳುವುದು ಸಹಜವೇ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿರಿ ಎಂಬುದು ಇದಕ್ಕೆ ಮಾರುವವರು ಕೊಡುವ ಉತ್ತರ; ಏನೂ ಆಗುವುದಿಲ್ಲ, ಸುಮ್ಮನಿರಿ ಎಂಬುದು ನೆರೆಮನೆಯವರ ಉತ್ತರ. ಇವೆರಡನ್ನೂ ನಾವು ಒಪ್ಪಲಾರೆವು.

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಆಡಳಿತ ನಡೆಸುವ ಮೂಲ ಪ್ರೋಗ್ರಾಮನ್ನೇ ಆಪರೇಟಿಂಗ್ ಸಿಸ್ಟಮ್ ಎನ್ನುವರು. ಇದು ಸವೆಯುವ ವಸ್ತುವಲ್ಲ. ಪಂಪಿನ ಬೇರಿಂಗು ತಿರುಗಿ ತಿರುಗಿ ಘರ್ಷಣೆಯಿಂದ ಸವೆಯುವುದು. ಆದರೆ ೨೦೦೧ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಯ ಆಜ್ಞೆಗಳು ಇಂದಿಗೂ ಒಂದಕ್ಷರ ಕುಂದದೆ ಹಾಗೆಯೇ ಇವೆ. ಹಾಗಿದ್ದಮೇಲೆ ಅದಕ್ಕೆ ಮುಪ್ಪು ಎಲ್ಲಿಂದ ಬಂದಿತು?

ಮುಪ್ಪು ಬರುವುದು ಹೊರಗಿನಿಂದ. ಕೋಟಿಗಟ್ಟಲೆ ಸಾಲುಗಳುಳ್ಳ ಬರಹದಲ್ಲಿ ತಪ್ಪುಗಳು ಹುದುಗಿಯೇ ಇರುತ್ತವೆ. ಅವುಗಳಲ್ಲಿ ಕೆಲವು, ಹೊರಗಿನವನು ಒಳನುಗ್ಗಲು ದಾರಿಮಾಡಿಕೊಡುವಂಥವು. ಅಂಥ ಲೋಪಗಳು ಗೊತ್ತಾದಂತೆಲ್ಲ ತಯಾರಕರು ತಿದ್ದುಪಡಿಗಳನ್ನು ಕಳುಹಿಸುವರು. ೨೦೦೩ರಿಂದ ಈಚೆಗೆ ಮೈಕ್ರೋಸಾಫ್ಟ್ ಇದಕ್ಕಾಗಿ ತಿಂಗಳ ಎರಡನೆಯ ಮಂಗಳವಾರವನ್ನು ಗೊತ್ತುಮಾಡಿಕೊಂಡಿದೆ. ಪೋಷಣೆಯೆಂಬ ಮಾತಿನ ತಿರುಳು ಇದೇ. ಇಲ್ಲಿ ಒಂದು ಸೂಕ್ಷ್ಮವುಂಟು. ಹೊಸ ಸಿಸ್ಟಮುಗಳು ಶೂನ್ಯದಿಂದ ಹುಟ್ಟಿದುವಲ್ಲ. ಹಳೆಯದರ ಬರಹವನ್ನು ಎಷ್ಟೋ ಮಟ್ಟಿಗೆ ಹಾಗೆಯೇ ಪಡೆದುಕೊಂಡಿರುತ್ತವೆ. ಆದುದರಿಂದ ಹೊಸದರಲ್ಲಿ ಕಂಡ ಲೋಪ ಅನೇಕ ವೇಳೆ ಹಳೆಯದರಲ್ಲಿಯೂ ಇರುವುದು. ತಿದ್ದುಪಡಿ ಹೊರಬಿದ್ದೊಡನೆ, ಅದಕ್ಕೆ ಮುಂಚಿನ ಕಡತವನ್ನೂ ಅನಂತರದ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಲೋಪ ಎಲ್ಲಿದ್ದಿತೆಂಬುದು ಬಲ್ಲವನಿಗೆ ತಿಳಿದುಹೋಗುವುದು. ಹೊಸ ಸಿಸ್ಟಮಿಗೆ ಔಷಧವಾದದ್ದೇ ಹಳೆಯದಕ್ಕೆ ಕನ್ನ ಹಾಕುವವನಿಗೆ ಗುರುತುಚೀಟಿಯಾಗುವುದು. ಬೇರಿಂಗಿನ ಸವೆತ ಬಳಕೆಯನ್ನು ಅನುಸರಿಸುತ್ತದೆ. ಈ ಮುಪ್ಪಾದರೋ ಕಂಪ್ಯೂಟರನ್ನು ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟಿದ್ದರೂ ತಿಂಗಳು ತಿಂಗಳಿಗೆ ಏರುತ್ತಲೇ ಇರುವುದು.

ಇದು ಬರಿಯ ಊಹೆಯಲ್ಲ. ವಿಂಡೋಸ್ ಕಂಪ್ಯೂಟರುಗಳು ತಮ್ಮೊಳಗೆ ಕಡತಗಳನ್ನು ಹಂಚಿಕೊಳ್ಳುವ ಹಳೆಯ ಏರ್ಪಾಡೊಂದರಲ್ಲಿ ಲೋಪವಿದ್ದಿತು. ೨೦೧೭ರ ಮಾರ್ಚ್ ೧೪ರಂದು ಅದಕ್ಕೆ ತಿದ್ದುಪಡಿ ಬಂದಿತು. ಏಪ್ರಿಲ್ ೧೪ರಂದು ಆ ಲೋಪವನ್ನು ಬಳಸಿಕೊಳ್ಳುವ ಸಾಧನವೇ ಬಯಲಾಯಿತು. ಅದನ್ನು ರೂಪಿಸಿದ್ದುದು ಅಮೆರಿಕದ ಬೇಹುಸಂಸ್ಥೆ. ಮೇ ೧೨ರಂದು 'ವಾನ್ನಾಕ್ರೈ' ಎಂಬ ಪಿಡುಗು ಅದರ ನೆರವಿನಿಂದ ಹರಡತೊಡಗಿ, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳು ಪರೀಕ್ಷೆಯಿಲ್ಲದೆ ಹಿಂದಿರುಗಬೇಕಾಯಿತು. ಎಕ್ಸ್‌ಪಿಯ ಪೋಷಣೆ ೨೦೧೪ರ ಏಪ್ರಿಲ್ ೮ರಂದೇ ಮುಗಿದಿದ್ದಿತು. ಆದರೂ ಪಿಡುಗು ಎದ್ದಮೇಲೆ ಅದಕ್ಕೂ ಒಂದು ತಿದ್ದುಪಡಿಯನ್ನು ಕಂಪನಿ ಎಲ್ಲರಿಗೂ ಒದಗಿಸಬೇಕಾಗಿ ಬಂದಿತು.

ಈ ಕಥೆಯನ್ನು ಹೇಳಿ ಹೊಸ ಕಂಪ್ಯೂಟರು ಮಾರುವವರು ಒಂದು ಮಾತನ್ನು ನುಂಗಿಕೊಳ್ಳುವುದುಂಟು. ಅಂದು ಸೋಂಕು ತಗುಲಿದವುಗಳಲ್ಲಿ ಬಹುಪಾಲು ಎಕ್ಸ್‌ಪಿಯಲ್ಲ, ವಿಂಡೋಸ್ ೭. ಅದಕ್ಕೆ ಆಗಿನ್ನೂ ಪೋಷಣೆಯಿದ್ದಿತು; ತಿದ್ದುಪಡಿಯೂ ಎರಡು ತಿಂಗಳು ಮೊದಲೇ ದೊರೆತಿದ್ದಿತು. ಹಾಕಿಕೊಂಡಿರಲಿಲ್ಲ, ಅಷ್ಟೆ.

ಹಾಗಾದರೆ ಹಳೆಯದನ್ನು ಇಟ್ಟುಕೊಳ್ಳಬಹುದೆ? ಅದರ ವಯಸ್ಸನ್ನು ಕೇಳುವುದಕ್ಕಿಂತ, ಅದು ಯಾರೊಡನೆ ಮಾತನಾಡುತ್ತದೆ ಎಂದು ಕೇಳುವುದು ಲೇಸು. ಪ್ರಯೋಗಶಾಲೆಗಳಲ್ಲಿ ರೋಹಿತಮಾಪಕದಂಥ ಉಪಕರಣಕ್ಕೆ ಜೋಡಿಸಿದ ಎಕ್ಸ್‌ಪಿ ಕಂಪ್ಯೂಟರುಗಳುಂಟು. ಉಪಕರಣವನ್ನು ನಡೆಸುವ ಪ್ರೋಗ್ರಾಂ ಹೊಸ ಸಿಸ್ಟಮಿನಲ್ಲಿ ಓಡದು. ಕಂಪ್ಯೂಟರು ಹಳೆಯದಾಯಿತೆಂದು ಲಕ್ಷಗಟ್ಟಲೆ ಬೆಲೆಯ ಉಪಕರಣವನ್ನು ಗುಜರಿಗೆ ಹಾಕುವುದು ವಿವೇಕವಲ್ಲ. ಜಾಲದ ತಂತಿಯನ್ನು ಕಿತ್ತು, ಅದು ಉಪಕರಣದೊಡನೆ ಮಾತ್ರ ಮಾತನಾಡುವಂತೆ ಮಾಡಿದರೆ ಇನ್ನೂ ಎಷ್ಟೋ ವರ್ಷ ದುಡಿಯುವುದು. ಅಚ್ಚುಕೂಟಗಳ ಸಂಗತಿ ಸ್ವಲ್ಪ ಬೇರೆ. ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದುದು ೨೦೦೧ರಲ್ಲಿ. ಅದನ್ನೂ ಹಳೆಯ ಕನ್ನಡ ಅಕ್ಷರಗಳನ್ನೂ ನೆಚ್ಚಿಕೊಂಡು ಪುಟ ಕಟ್ಟುವವರು ಹಳೆಯ ಸಿಸ್ಟಮನ್ನು ಬಿಡಲಾರರು. ಅಂತರಜಾಲವಿಲ್ಲವೆಂದು ಅವರು ನಿಶ್ಚಿಂತರಾಗಿರುವಂತಿಲ್ಲ, ಏಕೆಂದರೆ ಬಂದ ಗಿರಾಕಿಯ ಪೆನ್ ಡ್ರೈವುಗಳೆಲ್ಲ ಅದೇ ಕಂಪ್ಯೂಟರಿನೊಳಗೆ ಹೋಗಿಬರುತ್ತವೆ. ೨೦೧೦ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಪೆನ್ ಡ್ರೈವಿನ ಮೂಲಕ ಹರಡಬಲ್ಲದ್ದಾಗಿದ್ದಿತು. ಹೊರಜಾಲಕ್ಕೆ ಜೋಡಿಸದೆ ಇಟ್ಟಿದ್ದ ಇರಾನಿನ ನಟಾನ್ಜ್ ಸ್ಥಾವರವನ್ನೂ ಅದು ಹೊಕ್ಕಿತು. ಹೊರಗಿನ ಪೆನ್ ಡ್ರೈವಿಗೆ ಪೋಷಣೆಯುಳ್ಳ ಬೇರೊಂದು ಕಂಪ್ಯೂಟರನ್ನು ಬಾಗಿಲಲ್ಲಿಟ್ಟು, ಅಲ್ಲಿ ಪರೀಕ್ಷಿಸಿದ ಕಡತವನ್ನಷ್ಟೇ ಒಳಕ್ಕೆ ಒಯ್ಯುವುದು ಉತ್ತಮ.

ಬ್ಯಾಂಕಿನ ವ್ಯವಹಾರಕ್ಕೂ ವಿದ್ಯಾರ್ಥಿವೇತನದ ಅರ್ಜಿಗೂ ಪೋಷಣೆಯಿಲ್ಲದ ಕಂಪ್ಯೂಟರನ್ನು ಬಳಸುವುದನ್ನು ಮಾತ್ರ ನಾವು ಖಂಡಿತವಾಗಿ ಬೇಡವೆನ್ನುತ್ತೇವೆ. ಒಂದೇ ಕಂಪ್ಯೂಟರಿನ ಮುಂದೆ ದಿನಕ್ಕೆ ಹತ್ತಾರು ವಿದ್ಯಾರ್ಥಿಗಳು ಕುಳಿತು ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ಖಾತೆಯನ್ನೂ ತುಂಬುವ ಅಂಗಡಿಗಳಲ್ಲಿ ಅದು ಯಾವ ಸಿಸ್ಟಮಿನದೆಂದು ಕೇಳುವವರು ಎಷ್ಟು ಮಂದಿ? ಕಷ್ಟ ಬಂದಾಗ ಅಂಗಡಿಯವನ ಕಂಪ್ಯೂಟರು ಹೋಗುವುದಿಲ್ಲ, ವಿದ್ಯಾರ್ಥಿಯ ಹಣ ಹೋಗುವುದು.

ಆದರೂ ದೋಷವನ್ನೆಲ್ಲ ಬಳಸುವವನ ಮೇಲೆ ಹೊರಿಸುವುದು ನ್ಯಾಯವಲ್ಲ. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಏರ್ಪಾಡು ಬೇಕೆಂಬುದು ಕಂಪನಿಯ ನಿಯಮ. ೨೦೧೭ಕ್ಕೆ ಹಿಂದಿನ ಪ್ರೊಸೆಸರುಗಳಿಗೆ ಬಹುಮಟ್ಟಿಗೆ ಪ್ರವೇಶವೇ ಇಲ್ಲ. ಗಟ್ಟಿಮುಟ್ಟಾದ ಕಂಪ್ಯೂಟರುಗಳು ಹೀಗೆ ದಿನಾಂಕವೊಂದರಿಂದಲೇ ಮುದಿಯಾದುವು. ಅಂಥವುಗಳಿಗೆ ಬೇರೊಂದು ದಾರಿಯಿದೆ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹಣವಿಲ್ಲದೆ ದೊರೆಯುವುದು, ಹಳೆಯ ಯಂತ್ರಗಳಲ್ಲಿಯೂ ಓಡುವುದು, ಅದಕ್ಕೆ ತಿದ್ದುಪಡಿಗಳೂ ಬರುತ್ತಿರುವುವು. ನೆರೆಯ ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಅದನ್ನು ಬಳಸುತ್ತಿವೆ. ಎಲ್ಲ ಪ್ರೋಗ್ರಾಂಗಳೂ ಅದರಲ್ಲಿ ನಡೆಯುವುದಿಲ್ಲವೆಂಬುದು ನಿಜ. ಪಾಠ ಬರೆಯಲು, ಓದಲು, ಅರ್ಜಿ ತುಂಬಲು ಏನೂ ಕೊರತೆಯಿಲ್ಲ.

ಔಷಧದ ಸೀಸೆಯ ಮೇಲೆ ಅವಧಿ ಮುಗಿಯುವ ತಿಂಗಳನ್ನು ಅಚ್ಚುಮಾಡುವರು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಹಾಗೇನೂ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಂದು ಜಾರಿಗೆ ಬಂದ ಕಾನೂನಿನಂತೆ, ಜಾಲಕ್ಕೆ ಜೋಡಿಸುವ ಗೃಹೋಪಯೋಗಿ ಸಾಧನಗಳ ತಯಾರಕರು ರಕ್ಷಣಾ ತಿದ್ದುಪಡಿಗಳು ಎಲ್ಲಿಯವರೆಗೆ ದೊರೆಯುವುವೆಂದು ಮೊದಲೇ ತಿಳಿಸಬೇಕು. ವಿಚಿತ್ರವೆಂದರೆ ಮೇಜಿನ ಕಂಪ್ಯೂಟರುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ ಕಾಲೇಜುಗಳು ಅಂಥ ಕಾನೂನಿಗೆ ಕಾಯಬೇಕಾಗಿಲ್ಲ. ಕೊಳ್ಳುವ ಆದೇಶದಲ್ಲಿ ಬೆಲೆಯ ಪಕ್ಕದಲ್ಲಿಯೇ ಪೋಷಣೆ ಮುಗಿಯುವ ದಿನಾಂಕವನ್ನೂ ಬರೆದುಕೊಡುವಂತೆ ಮಾರುವವರನ್ನು ಕೇಳಬಹುದು.