ಮಾತಿಗೆ ಮೊದಲ ಸರದಿ

ಟ್ರಂಕ್ ಕಾಲಿನ ದಿನಗಳು ನಮ್ಮ ಹಿರಿಯರಿಗೆ ನೆನಪಿರಬೇಕು. ವಡಪಳನಿಯ ಸ್ಟುಡಿಯೋಗಳಿಗೆ ಕನ್ನಡ ಚಿತ್ರದ ಕೆಲಸಕ್ಕೆಂದು ಬಂದವರು ಊರಿಗೆ ಮಾತನಾಡಲು ಕರೆ ಬುಕ್ ಮಾಡಿ ಕಾದು ಕೂರುತ್ತಿದ್ದ ಕಾಲವದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಹೆಚ್ಚು ಹಣ ತೆತ್ತವನಿಗೆ ಬೇಗ ಸರದಿ.

ಈಗಿನ ಮನೆಗಳಲ್ಲೂ ಸರದಿಯುಂಟು, ಕಣ್ಣಿಗೆ ಬೀಳದು ಅಷ್ಟೆ. ಮೊಮ್ಮಗನ ಸಿನಿಮಾ, ಮಗನ ಆಫೀಸು, ಧಾರವಾಡದ ಅಜ್ಜಿಯೊಡನೆ ಮಾತು ಎಲ್ಲವೂ ಸ್ವಿಚ್ ಎಂಬ ಒಂದೇ ಪೆಟ್ಟಿಗೆಯನ್ನು ಹಾದುಹೋಗುತ್ತವೆ. ಸಿನಿಮಾ ಅರೆಗಳಿಗೆ ತಡವಾದರೆ ನಷ್ಟವಿಲ್ಲ, ಮುಂದಿನ ಭಾಗ ಮೊದಲೇ ಬಂದು ಕೂತಿರುತ್ತದೆ. ಮಾತು ಹಾಗಲ್ಲ. ತಡ 150 ಮಿಲಿಸೆಕೆಂಡು ಮೀರುತ್ತ ಹೋದಂತೆ ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ, ಒಟ್ಟಿಗೇ ಸುಮ್ಮನಾಗುತ್ತಾರೆ.

ಇದಕ್ಕೆಂದೇ, ಮಾಹಿತಿಯ ಪ್ರತಿ ಕಟ್ಟಿಗೂ 0ಯಿಂದ 7ರವರೆಗಿನ ಒಂದು ಅಂಕಿಯ ಮುದ್ರೆ ಒತ್ತುವ ಏರ್ಪಾಡು 1998ರಲ್ಲಿ ಬಂತು. ಮಾತಿಗೆ ಸಾಮಾನ್ಯವಾಗಿ 5. ಆದರೆ ಒತ್ತುವವರು ಯಾರು? ಕಂಪ್ಯೂಟರುಗಳು ತಾವೇ ಒತ್ತಿಕೊಂಡರೆ, ಆರ್ಕಾಟ್ ರಸ್ತೆಯ ವಾಹನಗಳೆಲ್ಲ ಆಂಬುಲೆನ್ಸಿನ ಸೈರನ್ ಕಟ್ಟಿಕೊಂಡಂತೆ! ತಂತಿ ಚುಚ್ಚುವ ಪೋರ್ಟಿನಲ್ಲೇ ಇದು ತೀರ್ಮಾನವಾಗಬೇಕೆಂಬುದು ನಮ್ಮ ಅಭಿಪ್ರಾಯ: ನೆಟ್ ಫೋನಿನ ಪೋರ್ಟಿಗೆ 5, ಉಳಿದವಕ್ಕೆ 0, ಅವು ಏನೇ ಹೇಳಿಕೊಳ್ಳಲಿ. ತೀರ ಅಗ್ಗದ ಸ್ವಿಚ್ಚುಗಳಲ್ಲಿ ಈ ಅನುಕೂಲ ಸಾಮಾನ್ಯವಾಗಿ ಇರದು. ‘ಮ್ಯಾನೇಜ್ಡ್’ ಬಗೆಯದನ್ನು ಕೇಳಿ ಕೊಳ್ಳಿರಿ.

ಈ ಮುದ್ರೆಗೆ ಬೆಲೆ ನಮ್ಮ ಗೋಡೆಯೊಳಗೆ ಮಾತ್ರ. ಹೊರಗೆ ಇಂಟರ್ನೆಟ್ ಕಂಪನಿಯವರ ಲೈನಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಮನ್ನಣೆಯಿಲ್ಲ. ಆದುದರಿಂದ ರೂಟರಿನಲ್ಲಿ ಹೊರಕಳಿಸುವ ವೇಗವನ್ನು ಲೈನಿನ ವೇಗಕ್ಕಿಂತ ಕೊಂಚ ಕೆಳಗಿಟ್ಟರೆ ಸಾಲು ನಮ್ಮ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಅಲ್ಲಿ ಫೋನಿನ ಕಟ್ಟುಗಳನ್ನು ಮುಂದಕ್ಕೆ ಬಿಡಬಹುದು.