ಜೀಪು ತೊಳೆಯಲು ಅಡುಗೆಮನೆಯ ವಸ್ತು: ಯಾವುದು ಹಿತ, ಯಾವುದು ಅಹಿತ?

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಜೀಪು, ಪಿಕಪ್ಪುಗಳನ್ನು ತೊಳೆಯಲು ಮನೆಯಲ್ಲಿರುವ ವಸ್ತುಗಳನ್ನೇ ಬಳಸುವುದುಂಟು. ಇದರಿಂದ ಖರ್ಚು ಉಳಿಯುವುದು ನಿಜ. ಆದರೆ ಪಾತ್ರೆಗೆ ಹೊಂದುವುದೆಲ್ಲ ವಾಹನಕ್ಕೂ ಹೊಂದುವುದೆಂಬ ನಂಬಿಕೆ ಸರಿಯಲ್ಲ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮಳೆಗಾಲದಲ್ಲಿ ವಾಹನಕ್ಕೆ ಹಾನಿ ಹೆಚ್ಚು. ಸುಣ್ಣ ಸಾಲದ ದ್ರಾವಣದಲ್ಲಿ ಚೂರಿ ಅದ್ದಿದರೆ ತಾಮ್ರದ ಕೆಂಪು ಲೇಪ ಹಿಡಿಯುವುದನ್ನು ಬೆಳೆಗಾರರು ಬಲ್ಲರು. ಮೈಲುತುತ್ತು ಚೆಲ್ಲಿದ ಜೀಪಿನ ತಳದಲ್ಲಿಯೂ ಹೀಗೆಯೇ ಆಗಿ ಕಬ್ಬಿಣ ಸವೆಯುತ್ತದೆ. ಆದ್ದರಿಂದ ಅದೇ ದಿನ ಧಾರಾಳ ನೀರಿನಿಂದ ತೊಳೆಯತಕ್ಕದ್ದು. ಒಣಗಿದ ಸುಣ್ಣದ ಕಲೆಗೆ ಹುಣಸೆ ಅಥವಾ ಬಿಂಬುಳಿಯ ರಸವನ್ನು ನೀರು ಬೆರೆಸಿ ಹಚ್ಚಿ, ಕೂಡಲೇ ತೊಳೆಯಬಹುದು. ಬಣ್ಣ ಎದ್ದುಹೋದ ಕಡೆ ಹುಳಿ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ.

ಒಲೆಯ ಬೂದಿ, ತೆಂಗಿನ ನಾರು ಪಾತ್ರೆಗೇ ಇರಲಿ. ಇವು ಬಣ್ಣವನ್ನು ಗೀರುತ್ತವೆ. ತೆಂಗಿನೆಣ್ಣೆ ಸವರಿದರೆ ಹೊಳಪು ಬರುವುದೇನೋ ಸರಿ, ಆದರೆ ಬೇಗನೆ ಧೂಳು ಅಂಟಿಕೊಳ್ಳುತ್ತದೆ. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಗೆ ಮಾತ್ರ ಅಡುಗೆ ಸೋಡಾದ ನೀರು ಉತ್ತಮ. ಅದು ಆಮ್ಲವನ್ನು ಶಮನಗೊಳಿಸುತ್ತದೆ. ಮೊದಲು ತಂತಿ ಬಿಚ್ಚಬೇಕು. ಸೋಡಾ ಬ್ಯಾಟರಿಯ ಒಳಗೆ ಇಳಿಯಬಾರದು.

ವಾಹನದ ಮೈ ತೊಳೆಯಲು ಅಂಟುವಾಳದ ನೊರೆ ಸಾಕು. ಆದರೆ ಜೀಪನ್ನು ತೋಡಿಗೆ ಇಳಿಸಿ ತೊಳೆಯುವ ರೂಢಿಯನ್ನು ಬಿಡಲೇಬೇಕು. ಅಂಟುವಾಳವೂ ತಾಮ್ರವೂ ಮೀನಿಗೆ ವಿಷ. ನಮ್ಮ ತೋಡುಗಳು ಸೇರುವುದು ಕುಮಾರಧಾರೆ, ಪಯಸ್ವಿನಿಯಂಥ ಹೊಳೆಗಳಿಗೆ. ಆ ನೀರನ್ನೇ ಕೆಳಗಿನ ಊರಿನವರು ಬಳಸುತ್ತಾರೆ. ತೋಡು, ಬಾವಿಗಳಿಂದ ದೂರವಿರುವ ಜಾಗದಲ್ಲಿ ವಾಹನ ನಿಲ್ಲಿಸಿ, ಕೊಡದಲ್ಲಿ ನೀರು ತಂದು ತೊಳೆಯುವುದು ಲೇಸು.